ಮೌಶಿ ಚೆಲ್ಲಿದ ಉಪ್ಪಿನಕಾಯಿ

ಸದಾಶಿವ ಪೇಠೆಯ ನಮ್ಮ ಕಟ್ಟಡದಲ್ಲಿ ಮೇಲಿನ ಮನೆಯವರಿಗೆ ಬಾಗಿಲು ಬಡಿದು ಬರುವ ಅಭ್ಯಾಸವೇ ಇರಲಿಲ್ಲ. ವಿಜಯಪುರದ ಕಡೆಯ ಹಿರಿಯ ಹೆಂಗಸು; ನಾವು ಇಲ್ಲಿಯ ಮರಾಠಿ ರೂಢಿಯಂತೆ ಮೌಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ನೆಟ್ಟಗೆ ಅಡುಗೆಮನೆಗೆ ಬಂದು, ನಾನು ಯಾವ ಡಬ್ಬಿಗೆ ಕೈ ಹಾಕಿದರೂ, “ಕೈ ಒರಸ್ಕೊಂಡಿಯೇನವಾ?” ಎನ್ನುತ್ತಿದ್ದರು. ಸಕ್ಕರೆ ಡಬ್ಬಿಗೂ ಅದೇ ಪ್ರಶ್ನೆ. ಹೌದೆಂದರೆ ನಂಬದೆ, ನನ್ನ ಬೆರಳುಗಳನ್ನು ತಮ್ಮ ಸೆರಗಿನಿಂದ ಮತ್ತೊಮ್ಮೆ ಒರೆಸುತ್ತಿದ್ದರು. ನಾನು ನಲವತ್ತು ದಾಟಿದವಳು!

ಮಗಳು ಹಾಸ್ಟೆಲಿಗೆ ಹೊರಟ ವರ್ಷ ನಾನು ಮೊದಲ ಬಾರಿ ನಿಂಬೆಕಾಯಿ ಉಪ್ಪಿನಕಾಯಿ ಹಾಕಿದೆ, ಅವಳಿಗಾಗಿಯೇ. ಹೊರಡುವ ಹಿಂದಿನ ದಿನ ಮೌಶಿ ಬಂದು ಭರಣಿಯ ಮುಚ್ಚಳ ತೆಗೆದು ಮೂಸಿದರು. ಅಂಚಿನಲ್ಲಿ ಕಾಳಿನಷ್ಟು ಬಿಳಿ ಬೂಷ್ಟು ಕಂಡಿತು. ನಾನು ನೋಡುತ್ತಿದ್ದಂತೆಯೇ ಎಲ್ಲವನ್ನೂ ಕಸದ ಬುಟ್ಟಿಗೆ ಸುರಿದರು.

“ಮ್ಯಾಲಿಂದಷ್ಟ ತಗದಿದ್ರ ಸಾಕಿತ್ತಲ್ರಿ ಮೌಶಿ! ಯಾರನ್ನ ಕೇಳಿ ಚೆಲ್ಲಿದ್ರಿ?” ಎಂದು ಕೂಗಿದೆ. ಅಳುವೇ ಬಂದಿತ್ತು.

“ನಾನೂ ಒಮ್ಮೆ ಹಂಗ ತಗದು ಬಡಸಿದ್ದೆ,” ಎಂದರು ಮೌಶಿ, ಭರಣಿ ತೊಳೆಯುತ್ತ. “ನನ್ನ ಮಗಳು ನಾಕ ದಿನ ದವಾಖಾನ್ಯಾಗ ಬಿದ್ದಿದ್ಲು.”

ಅದನ್ನು ಕೇಳಿದ ಮೇಲೂ ನನ್ನ ಸಿಟ್ಟು ಇಳಿಯಲಿಲ್ಲ. ಇನ್ನು ಇವರೊಡನೆ ಮಾತೇ ಬೇಡ ಎಂದುಕೊಂಡೆ. ಮರುದಿನ ಬೆಳಿಗ್ಗೆ ಮೌಶಿ ತಮ್ಮ ಮನೆಯ ಉಪ್ಪಿನಕಾಯಿಯನ್ನು ಬಾಟಲಿಗೆ ತುಂಬಿ ತಂದರು. ನಾನು ಒಪ್ಪವಾಗಿ ಜೋಡಿಸಿದ್ದ ಮಗಳ ಬಟ್ಟೆಗಳನ್ನೆಲ್ಲ ಬ್ಯಾಗಿನಿಂದ ಹೊರಗೆಳೆದು ಅದಕ್ಕೆ ಜಾಗ ಮಾಡಿದರು. ನಾನು ತುಟಿ ಬಿಚ್ಚಲಿಲ್ಲ. ಅದು ಅವರ ಗಮನಕ್ಕೆ ಬರಲೂ ಇಲ್ಲ.