ಹುಣಸೆಹಣ್ಣು ಹಚ್ಚಿದ ಹಿತ್ತಾಳೆ

ನಾನು ಹುಟ್ಟಾ ಪುಕ್ಕಲಿ. ಬಸ್ಸು ತಿರುವಿನಲ್ಲಿ ವಾಲಿದರೆ ಮುಂದಿನ ಸೀಟಿನ ಕಂಬಿಯನ್ನು ಬಿಡುವುದಿಲ್ಲ. ಹೆದರಿಕೆಯಾದಾಗ ಅಳುವವರಿದ್ದಾರೆ, ದೇವರನ್ನು ಕೂಗುವವರಿದ್ದಾರೆ; ನನಗೆ ಕೋಪ ಬರುತ್ತದೆ. ಎದುರಿಗೆ ಸಿಕ್ಕವರನ್ನು ಬಯ್ದುಬಿಡುತ್ತೇನೆ. ಇಂಥವಳು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದ್ದು ರಾವಂದೂರಿನ ನಮ್ಮ ಮನೆಯಲ್ಲಿ ದೊಡ್ಡ ತಮಾಷೆಯಾಗಿತ್ತು. "ನನ್ ತಂಗಿ ಸ್ವಿಚ್ ಹಾಕೋಕೂ ಕೋಲು ತಕ್ಕಂಡೋಯ್ತಳೆ ಕಣ್ರೋ," ಎಂದು ಅಣ್ಣ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದ. ಅದು ಪೂರ್ತಿ ಸುಳ್ಳೇನೂ ಅಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಹುಣಸೂರಿನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನನಗೆ ಕೆಲಸ ಸಿಕ್ಕಿತ್ತು. ಯಜಮಾನರು ಕೊಡಗಿನ ಕಡೆಯವರು, ಸೈನ್ಯದಲ್ಲಿ ವೈರ್‌ಲೆಸ್ ನೋಡಿಕೊಂಡು ನಿವೃತ್ತರಾದವರು. ಕಾಫಿ ತೋಟಗಳ ವೈರ್‌ಲೆಸ್ ಸೆಟ್ಟು ರಿಪೇರಿ ಮಾಡುವುದು ನಮ್ಮ ಹೊಟ್ಟೆಪಾಡು. ಆ ವರ್ಷ ಹೊಸದೊಂದು ಕೆಲಸ ಬಂತು. ಹೆಗ್ಗಡದೇವನಕೋಟೆ ಕಡೆ ಅಣೆಕಟ್ಟಿನ ಕೆಳಗೆ, ಹೊಳೆಯ ದಡದಲ್ಲಿ, ಒಂದು ತಗಡಿನ ಶೆಡ್ಡು ಹಾಕಿದ್ದರು. ಮೇಲಿನಿಂದ ನೀರು ಬಿಡುವಾಗ ಅಲ್ಲಿಗೆ ವೈರ್‌ಲೆಸ್‌ನಲ್ಲಿ ಹೇಳುತ್ತಾರೆ. ಶೆಡ್ಡಿನವನು ಜಾಗಟೆ ಬಡಿಯಬೇಕು. ಹೊಳೆ ದಾಟುತ್ತಿರುವವರು ದಡ ಸೇರಬೇಕು. ಆಚೆ ದಡದಲ್ಲಿ ಕಾಡಂಚಿನ ಹಾಡಿ. ಅಲ್ಲಿಯ ಜನ ಕೂಲಿಗೆ, ಸಂತೆಗೆ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಿನವೂ ಹೊಳೆ ದಾಟುವವರು. ಶೆಡ್ಡಿನ ಸೆಟ್ಟು ಮಾಡುವುದು ನಮ್ಮ ಪಾಲಿಗೆ ಬಂದಿತ್ತು.

ಆ ಸೆಟ್ಟಿನಲ್ಲಿ ನನಗೆ ಒಪ್ಪಿಸಿದ್ದು ಹೆಬ್ಬೆಟ್ಟಿನಷ್ಟು ದೊಡ್ಡ ಒಂದು ಸಾಮಾನು. ಏರಿಯಲ್‌ನಿಂದ ಇಳಿದು ಬರುವ ಕೇಬಲ್ಲಿನ ನಡುವೆ ಒಂದು ತಂತಿ ಇರುತ್ತದೆ, ಮಾತು ಬರುವುದು ಅದರಲ್ಲಿ. ಅದರ ಸುತ್ತ ತಾಮ್ರದ ಎಳೆಗಳ ಹೆಣಿಗೆ ಇರುತ್ತದೆ, ಹೊರಗಿನ ಗದ್ದಲ ಒಳಗಿನ ತಂತಿಯನ್ನು ಮುಟ್ಟದ ಹಾಗೆ ಕಾಯುವುದು ಅದು. ಕೇಬಲ್ಲು ಉದ್ದಕ್ಕೂ ಈ ಅಂಗಿ ತೊಟ್ಟುಕೊಂಡು ಬಂದು, ಕೊನೆಗೆ ಸರ್ಕ್ಯೂಟ್ ಬೋರ್ಡಿಗೆ ಸೇರುವ ಕಡೆ ಒಂದಂಗುಲ ಬೆತ್ತಲಾಗುತ್ತಿತ್ತು. ಶೆಡ್ಡಿನಲ್ಲಿ ಕರೆಂಟಿಲ್ಲ, ಬ್ಯಾಟರಿ ಚಾರ್ಜ್ ಮಾಡಲು ಪಕ್ಕದಲ್ಲೇ ಪೆಟ್ರೋಲ್ ಎಂಜಿನ್ ಓಡಬೇಕು. ಅದರ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಿದಾಗಲೆಲ್ಲ ಆ ಒಂದಂಗುಲದಲ್ಲಿ ಗದ್ದಲ ನುಗ್ಗಿ, ಕಿವಿಯಲ್ಲಿ ಬರ್ರೆನ್ನುವುದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಬೋರ್ಡಿನ ಮೇಲೆ ಗಟ್ಟಿಯಾಗಿ ಕೂರುವ, ಸುತ್ತಲೂ ಲೋಹದ ಕವಚವಿರುವ ಕನೆಕ್ಟರ್ ಒಂದು ಬೇಕಿತ್ತು. ಪರದೇಶದಿಂದ ತರಿಸಲು ನಮ್ಮಲ್ಲಿ ದುಡ್ಡೂ ಇರಲಿಲ್ಲ, ಸಮಯವೂ ಇರಲಿಲ್ಲ.

ಮೊದಲು ಬರೆದ ನಕ್ಷೆಯಲ್ಲಿ ಹಿತ್ತಾಳೆ ಕವಚಕ್ಕೆ ಎರಡೇ ಕಾಲು. ಅದರಂತೆ ಮಾಡಿ ಬೋರ್ಡಿಗೆ ಕೂರಿಸಿದ ಮೇಲೆ ಯಜಮಾನರು ಕೇಬಲ್ಲು ಹಿಡಿದು ಒಮ್ಮೆ ಜಗ್ಗಿದರು. ಕಾಲಿನ ಜೊತೆ ಬೋರ್ಡಿನ ತಾಮ್ರದ ಪದರವೂ ಹಪ್ಪಳದ ಹಾಗೆ ಎದ್ದು ಬಂತು. "ನಾಯಿ ಕೇಬಲ್ ಕಚ್ಚಿ ಎಳೀತದಮ್ಮ, ದನ ಎಡವ್ತದೆ. ಎರಡು ಕಾಲಲ್ಲಿ ನಿಲ್ಲಲ್ಲ ಇದು," ಎಂದರು. ಆಮೇಲೆ ನಾಲ್ಕು ಕಾಲು ಮಾಡಿದೆ. ನಾಲ್ಕೂ ಬೋರ್ಡಿನ ತೂತುಗಳಲ್ಲಿ ಇಳಿದು, ಕೆಳಗಿನ ತಾಮ್ರಕ್ಕೆ ಬೆಸುಗೆಯಾಗಬೇಕು. ನಡುವೆ ಬಿಳಿ ನೈಲಾನಿನ ಬಿಲ್ಲೆ, ಬಿಲ್ಲೆಯ ನಡುವೆ ಮಾತಿನ ತಂತಿಗೆ ಪಿನ್ನು. ಕವಚದ ತುದಿ ಪೆಟ್ಟಿಗೆಯಿಂದ ಹೊರಗೆ ಇಣುಕುತ್ತದೆ. ಅದರ ಮೈಮೇಲೆ ಸ್ಕ್ರೂವಿಗಿರುವಂಥ ಸುತ್ತುಗೀರು, ನಮ್ಮ ವರ್ಕ್‌ಶಾಪಿನ ಮಾತಿನಲ್ಲಿ ಮರೆ. ಆ ಮರೆಯ ಮೇಲೆ, ಕೇಬಲ್ಲಿನ ಹೆಣಿಗೆಯನ್ನು ಕಚ್ಚಿಕೊಂಡ ಹಿತ್ತಾಳೆಯ ಟೊಪ್ಪಿಯನ್ನು ತಿರುಗಿಸಿ ಬಿಗಿಯಬೇಕು. ಟೊಪ್ಪಿಯೂ ಕವಚವೂ ಒಂದನ್ನೊಂದು ಒತ್ತಿ ಹಿಡಿದಿರುವ ತನಕ ಗದ್ದಲ ಹೊರಗೇ.

ಪರೀಕ್ಷೆ ಮಾಡುವ ಕ್ರಮ ಮಾತ್ರ ಯಜಮಾನರದೇ. ನನ್ನ ಕಿವಿಗೆ ಇಯರ್‌ಫೋನ್ ಹಾಕಿ ಕೂರಿಸಿ, ಕಿಟಕಿಯಾಚೆ ತಮ್ಮ ಮೋಟಾರ್ ಬೈಕ್ ನಿಲ್ಲಿಸಿಕೊಂಡು ಆಕ್ಸಿಲರೇಟರ್ ತಿರುವುತ್ತಿದ್ದರು. ಹಳೆಯ ಸೆಟ್ಟಿನಲ್ಲಿ ಇಡೀ ಬೈಕೇ ಕಿವಿಯೊಳಗೆ ಓಡಿದ ಹಾಗಾಗುತ್ತಿತ್ತು. ನಾಲ್ಕು ಕಾಲಿನ ಕನೆಕ್ಟರ್ ಹಾಕಿದ ದಿನ ಅವರ ಕೈ ತಿರುಗುವುದು ಕಂಡಿತು, ಹೊಗೆ ಕಂಡಿತು, ಕಿವಿಯಲ್ಲಿ ಮಾತ್ರ ದೂರದ ಯಾವುದೋ ತೋಟದವರು ಅಕ್ಕಿ ಮೂಟೆಯ ವಿಚಾರ ಮಾತಾಡುವುದು ಕೇಳುತ್ತಿತ್ತು. ಅಷ್ಟು ಖುಷಿ ನನಗೆ ಆಮೇಲೆ ಯಾವ ಕೆಲಸದಲ್ಲೂ ಆಗಿಲ್ಲ. ಹಿತ್ತಾಳೆಗೆ ನಿಕ್ಕಲ್ ಲೇಪ ಕೊಡಿಸಬೇಕೆಂದಿತ್ತು. ಮಳೆಗಾಲ ತಲೆಯ ಮೇಲೆ ಬಂದಿದ್ದರಿಂದ ಯಜಮಾನರು ಈ ವರ್ಷ ಹೀಗೇ ಇರಲಿ ಎಂದರು.

ಶೆಡ್ಡಿನ ಕೆಲಸಕ್ಕೆ ಸೇರಿದವನು ನಮ್ಮಣ್ಣನೇ. ಎಸ್ಸೆಸ್ಸೆಲ್ಸಿ ಆಗಿತ್ತು, ಹೊಗೆಸೊಪ್ಪಿನ ಬೇಸಾಯ ಅವನಿಗೆ ಸೇರುತ್ತಿರಲಿಲ್ಲ, ಯಜಮಾನರು ಒಂದು ಮಾತು ಹೇಳಿದ್ದರು. ಅತ್ತಿಗೆಯನ್ನೂ ಕರೆದುಕೊಂಡು ಹೋಗಿ ಶೆಡ್ಡಿನ ಹಿಂದೆ ಒಂದು ಕೋಣೆಯ ಮನೆ ಮಾಡಿದ. ನಾನು ಮಾಡಿದ ಸೆಟ್ಟನ್ನು ಅಣ್ಣ ಕಾಯುತ್ತಾನೆ ಎಂದು ಅವ್ವನಿಗೆ ಹೆಮ್ಮೆ. ನನ್ನ ಕೈಕೆಲಸವನ್ನು ನನ್ನವರೇ ನಂಬಿಕೊಂಡು ಬದುಕುವುದು ನನಗೆ ಬೇಕಿರಲಿಲ್ಲ.

ಆ ವರ್ಷ ಆಯುಧಪೂಜೆ ಕಳೆದ ವಾರ, ಅವ್ವ ಕಟ್ಟಿಕೊಟ್ಟ ಕಜ್ಜಾಯದ ಡಬ್ಬಿ ಹಿಡಿದು ಅಲ್ಲಿಗೆ ಹೊರಟೆ. ಅತ್ತಿಗೆಗೆ ಏಳು ತಿಂಗಳಾಗಿತ್ತು. ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯಲ್ಲಿ ಬಸ್ಸು ಬದಲಿಸಿ, ಇಳಿದು ನಡೆದು ಶೆಡ್ಡು ಮುಟ್ಟುವ ಹೊತ್ತಿಗೆ ಹೊತ್ತು ನೆತ್ತಿಗೆ ಬರುತ್ತಿತ್ತು. ಚುರುಚುರು ಬಿಸಿಲು, ಆಕಾಶದಲ್ಲಿ ಒಂದು ಮೋಡವಿಲ್ಲ. ಹೊಳೆ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿತ್ತು. ಎಂಜಿನ್ ಓಡುತ್ತಿತ್ತು.

"ಅತ್ತಿಗೆ ಎಲ್ಲಿ?" ಎಂದೆ.

"ಆಚೆ ದಡದ ಆಡಿಗೆ ಓಗವ್ಳೆ. ಸೂಲಗಿತ್ತಿ ಹೊಟ್ಟೆಗೆ ಎಣ್ಣೆ ತಿಕ್ತಳೆ, ಅಡ್ಡ ತಿರ್ಗಿರೋ ಕೂಸು ನೆಟ್ಟಗಾಯ್ತದಂತೆ. ಆಯಮ್ಮನೇ ಕೈಹಿಡ್ಕಂಡು ಕರ್ಕಬತ್ತಳೆ. ಬಾ ಬಾ, ನಿನ್ ಸಾಮಾನು ಎಂಗಿಟ್ಟಿವ್ನಿ ನೋಡ್ಬಾ."

ಸೆಟ್ಟಿನ ಮೇಲೆ ವಿಭೂತಿಯ ಮೂರು ಗೀಟು, ಕುಂಕುಮ, ಬಾಡಿದ ಚೆಂಡು ಹೂವಿನ ಹಾರ. ಪೆಟ್ಟಿಗೆಯ ಪಕ್ಕದಿಂದ ಇಣುಕಿದ ನನ್ನ ಕನೆಕ್ಟರ್ ಮದುವೆ ಮನೆಯ ಕಳಸದ ಹಾಗೆ ಥಳಥಳ ಹೊಳೆಯುತ್ತಿತ್ತು.

"ಇದನ್ನೇನು ಮಾಡ್ದೆ?"

"ಪೂಜೆಗೆ ಬೆಳಗ್ದೆ ಕಣಮ್ಮಿ. ಕಪ್ಪುಗಟ್ಟೋಗಿತ್ತು. ಉಣಸೇಹಣ್ಣು, ಒಲೆ ಬೂದಿ ಆಕಿ ಚೆನ್ನಾಗಿ ಉಜ್ದೆ. ಟೊಪ್ಪಿ ಬಿಚ್ಚಿ ಒಳಗೂ ಬುಡ್ಲಿಲ್ಲ."

ಹಬ್ಬ ಬಂದರೆ ನಮ್ಮ ಕಡೆ ಎಲ್ಲರ ಮನೆಯಲ್ಲೂ ಹಿತ್ತಾಳೆಗೆ ಆಗುವ ಸ್ನಾನವೇ ಅದು. ಚೊಂಬಿಗೆ ಒಳ್ಳೆಯದು, ದೀಪಕ್ಕೆ ಒಳ್ಳೆಯದು. ಕನೆಕ್ಟರಿನ ಮರೆಯಲ್ಲಿ ಹುಳಿ ಉಳಿದರೆ ಹೊಳೆಯ ತೇವಕ್ಕೆ ನಾಲ್ಕೇ ದಿನದಲ್ಲಿ ಕಿಲುಬು ಕಟ್ಟುತ್ತದೆ. ಟೊಪ್ಪಿಗೂ ಕವಚಕ್ಕೂ ನಡುವೆ ಕಿಲುಬು ಕೂತರೆ ಕವಚ ಇದ್ದೂ ಇಲ್ಲದ ಹಾಗೆ. ಇಯರ್‌ಫೋನ್ ಎತ್ತಿ ಕಿವಿಗಿಟ್ಟುಕೊಂಡೆ. ಬರ್ರೋ ಎನ್ನುತ್ತಿತ್ತು. ಎಂಜಿನ್ ಬಿಟ್ಟರೆ ಬೇರೆ ಲೋಕವೇ ಇರಲಿಲ್ಲ.

"ಎಷ್ಟು ದಿನದಿಂದ ಇಂಗದೆ?"

"ನಿನ್ನೆಯಿಂದ. ಬ್ಯಾಟ್ರಿ ಹ್ಯಾಂಡ್‌ಪೋಸ್ಟಿಗೆ ಕೊಟ್ ಕಳ್ಸಿವ್ನಿ, ಕೆಟ್ಟೋಗಿತ್ತು. ಎಂಜಿನ್ ಮ್ಯಾಲೇ ಓಡುಸ್ತಾವ್ನಿ. ಮಳೆ ಗದ್ಲ ಇರ್ಬೇಕು ಬುಡು."

"ಎಲ್ಲದೆ ಮಳೆ?"

"ಇಲ್ಲಿಲ್ಲ. ಮ್ಯಾಲೆ, ಕೇರಳದ ಬೆಟ್ಟದಲ್ಲಿ ಉಯ್ತಾ ಅದಂತೆ ಮೂರು ದಿವ್ಸದಿಂದ."

ಅವನು ಹೇಳಿದ್ದು ಸಮಾಚಾರದ ಹಾಗೆ. ನಾನು ಕಿಟಕಿಯಲ್ಲಿ ಹೊಳೆಯ ಕಡೆ ನೋಡಿದೆ. ಬೆಟ್ಟದಲ್ಲಿ ಮಳೆಯಾದರೆ ಅಣೆಕಟ್ಟು ತುಂಬುತ್ತದೆ, ತುಂಬಿದರೆ ಬಿಡುತ್ತಾರೆ, ಬಿಟ್ಟರೆ ಹೇಳುತ್ತಾರೆ. ಹೇಳಿದ್ದು ನಮಗೆ ಕೇಳಿಸುವುದಿಲ್ಲ. ಆ ಶೆಡ್ಡಿನಲ್ಲಿ ಮಾಡಿಕೊಂಡಿದ್ದ ಕಟ್ಟಳೆಯೋ, ಕರೆ ಬರದಿದ್ದರೆ ನೀರಿಲ್ಲ ಎಂಬುದು.

"ಕೂಗಿಲ್ಲ ಅಂದ್ಮೇಲೆ ಬುಟ್ಟಿಲ್ಲ ಕಣಮ್ಮಿ," ಎಂದ ಅಣ್ಣ.

"ಕೂಗಿದ್ರೆ ನಿಂಗೆಲ್ಲಿ ಕೇಳ್ತದೆ, ಬುದ್ಧಿಗೇಡಿ?" ಎಂದು ಕಿರುಚಿದೆ. ಅವನು ನನಗಿಂತ ಆರು ವರ್ಷ ದೊಡ್ಡವನು. ಅಂಥ ಮಾತು ನಾನು ಅವನಿಗೆ ಎಂದೂ ಆಡಿರಲಿಲ್ಲ.

ಅಷ್ಟರಲ್ಲಿ ಆಚೆ ದಡದ ಬಿದಿರು ಮೆಳೆಯಿಂದ ಇಬ್ಬರು ಹೊಳೆಗೆ ಇಳಿದದ್ದು ಕಂಡಿತು. ಮುಂದೆ ಸೂಲಗಿತ್ತಿ, ಹಿಂದೆ ಕೆಂಪು ಸೀರೆಯ ನಮ್ಮ ಅತ್ತಿಗೆ. ಒಂದು ಕೈ ಸೊಂಟದ ಮೇಲೆ, ಒಂದು ಕೈ ಆ ಹೆಂಗಸಿನ ಹೆಗಲ ಮೇಲೆ.

ನಾನು ಜಾಗಟೆಗೆ ಕೈ ಹಾಕಿದೆ. ಅಣ್ಣ ನನ್ನ ರಟ್ಟೆ ಹಿಡಿದ. ಈಗ ಅವನ ಮುಖವೂ ಬಿಳಿಚಿಕೊಂಡಿತ್ತು. "ಸುಮ್ಸುಮ್ನೆ ಬಡುದ್ರೆ ಪಾಚಿ ಕಲ್ ಮ್ಯಾಲೆ ಓಡ್ತಳೆ ಕಣಮ್ಮಿ. ಬಸ್ರಿ ಎಂಗ್ಸು. ಜಾರ್ ಬಿದ್ರೆ? ಮೊದ್ಲು ಗೊತ್ತು ಮಾಡ್ಕೊ, ಬುಟ್ಟವ್ರಾ ಇಲ್ವಾ ಅಂತ."

ಅವನ ಮಾತಿನಲ್ಲೂ ನ್ಯಾಯವಿತ್ತು, ಅದಕ್ಕೇ ಇನ್ನಷ್ಟು ಹೆದರಿಕೆಯಾಯಿತು. ಎಂಜಿನ್ ನಿಲ್ಲಿಸಿದರೆ ಗದ್ದಲ ನಿಲ್ಲುತ್ತದೆ. ಬ್ಯಾಟರಿ ಇಲ್ಲದ್ದರಿಂದ ಸೆಟ್ಟೂ ನಿಲ್ಲುತ್ತದೆ. ಟೊಪ್ಪಿ ತಿರುಗಿಸಿ ತೆಗೆದೆ. ಮರೆಯ ತುಂಬ ಬೂದಿ, ಬೂದಿಯ ಮೇಲೆ ಹಸಿರು ಕಿಲುಬು. ತಲೆಯಿಂದ ಹೇರ್‌ಪಿನ್ನು ಕಿತ್ತು ಕೆರೆದೆ, ಸೆರಗಿನ ತುದಿಯನ್ನು ಪೆಟ್ರೋಲಿನಲ್ಲಿ ಅದ್ದಿ ಒರೆಸಿದೆ. ಟೊಪ್ಪಿ ಮತ್ತೆ ಕೂರಲೊಲ್ಲದು, ಮರೆ ಕಚ್ಚುತ್ತಿಲ್ಲ. ಬಾಗಿಲಲ್ಲಿ ಅಣ್ಣ, "ಮಧ್ಯದ ಬಂಡೆಗೆ ಬತ್ತಾವ್ರೆ," ಎಂದ. ಟೊಪ್ಪಿಯನ್ನು ಕೇಬಲ್ಲಿನಿಂದ ಕಿತ್ತು ಎಸೆದೆ. ತಂತಿಯನ್ನು ಪಿನ್ನಿಗೆ ಸೇರಿಸಿ, ತಾಮ್ರದ ಹೆಣಿಗೆಯನ್ನು ಕೆರೆದ ಕವಚದ ಸುತ್ತ ಮಡಿಸಿ, ಬರಿಯ ಬೆರಳುಗಳಲ್ಲಿ ಹಿಸುಕಿ ಹಿಡಿದೆ. ಸ್ವಿಚ್ಚಿಗೆ ಹೆದರುವವಳು.

ಗದ್ದಲ ತಟಕ್ಕನೆ ಇಳಿಯಿತು. ಅದರ ಕೆಳಗಿನಿಂದ ಒಬ್ಬ ಮನುಷ್ಯನ ದನಿ ಎದ್ದಿತು, ಕೂಗಿ ಕೂಗಿ ಒಡೆದುಹೋದ ದನಿ. ಅಣ್ಣ ಮೈಕಿನ ಗುಂಡಿ ಒತ್ತಿ ಕೇಳಿದ. ಅವನು ಒತ್ತಿದಾಗ ನನ್ನ ಬೆರಳ ತುದಿಗಳು ಚುರ್ರೆಂದವು, ಬಿಡಲಿಲ್ಲ.

"ನೀರು ಬಿಟ್ಟು ಗಂಟೆ ಮೇಲಾಯ್ತು," ಎಂದಿತು ದನಿ. "ಆಗಿನಿಂದ ಕರೀತಾ ಇದ್ದೀನಿ. ಯಾಕ್ರೀ ಉತ್ತರ ಕೊಡ್ತಿಲ್ಲ?"

"ಬುಟ್ಟವ್ರೆ, ಬಡಿ!" ಎಂದು ಕೂಗಿದೆ. ಅಣ್ಣ ಮೈಕು ಬಿಸಾಡಿ ಓಡಿದ. ಜಾಗಟೆಯ ಸದ್ದಿಗೆ ತಗಡೆಲ್ಲ ಅದುರಿತು. ನಾನು ಹೆಣಿಗೆ ಹಿಡಿದೇ ಕಿಟಕಿಯಲ್ಲಿ ನೋಡಿದೆ. ನಡುಹೊಳೆಯ ಬಂಡೆಯ ಮೇಲೆ ಇಬ್ಬರೂ ನಿಂತುಬಿಟ್ಟರು. ಅತ್ತಿಗೆ ನಮ್ಮ ಕಡೆಗೆ ಒಂದು ಹೆಜ್ಜೆ ಇಟ್ಟಳು. ಸೂಲಗಿತ್ತಿ ಅವಳ ಮುಂಗೈ ಹಿಡಿದು ಆಚೆಗೇ ಎಳೆದಳು. ಓಡಲಿಲ್ಲ, ಒಂದೊಂದು ಕಲ್ಲಿಗೂ ತಾನು ಮೊದಲು ಕಾಲಿಟ್ಟು, ಆಮೇಲೆ ಅವಳನ್ನು ಇಳಿಸಿಕೊಳ್ಳುತ್ತ ಹೋದಳು. ಅವರು ಆಚೆ ದಡದ ಬಳಿಯ ದೊಡ್ಡ ಬಂಡೆಯ ಹಿಂದೆ ಮರೆಯಾದರು. ಆ ಹೊತ್ತಿಗೆ ತಿರುವಿನ ಕಡೆಯಿಂದ ಎಂಜಿನ್ನಿಗಿಂತ ದೊಡ್ಡದೊಂದು ಸದ್ದು ಬಂತು. ಬಿಸಿಲಿನಲ್ಲೇ, ಒಂದು ಹನಿ ಮಳೆಯಿಲ್ಲದೆ, ಕೆಂಪು ನೀರು ಮರದ ಬೊಡ್ಡೆಗಳನ್ನು ಉರುಳಿಸಿಕೊಂಡು ಬಂದು ಎಲ್ಲ ಬಂಡೆಗಳನ್ನೂ ಮುಚ್ಚಿತು.

ಬಂಡೆಯ ಆಚೆ ಅವರು ದಡ ಹತ್ತಿದರೋ ಇಲ್ಲವೋ ನಮಗೆ ಕಾಣಲಿಲ್ಲ.

ಅಣ್ಣ ದಡದಲ್ಲಿ ನಿಂತು ಅವಳ ಹೆಸರು ಹಿಡಿದು ಕೂಗಿದ. ನೀರಿನ ಅಬ್ಬರದಲ್ಲಿ ಅವನ ಕೂಗು ನನಗೇ ಕೇಳಿಸಲಿಲ್ಲ. ಹತ್ತಾರು ಮೈಲಿಯ ಆಚೆಯಿಂದ ಮಾತು ತರಿಸುವ ಯಂತ್ರ ನನ್ನ ಕೈಯಲ್ಲೇ ಇತ್ತು, ಎದುರಿನ ದಡದ ಒಂದು ಮಾತು ತರಿಸಲು ಅದರಿಂದಾಗಲಿಲ್ಲ. ಅವನು ಹಿಂದಿರುಗಿ ಬಂದು ನನ್ನ ಮುಂದೆ ಕುಳಿತ. ನಾನು ಬಯ್ಯಲಿಲ್ಲ. ಬಯ್ಯಲೂ ಆಗದಷ್ಟು ಹೆದರಿದ್ದೆ. "ಬೆಳಗ್ಬಾರ್ದು ಅಂತ ನಂಗೆ ಗೊತ್ತಿರ್ಲಿಲ್ಲ ಕಣಮ್ಮಿ," ಎಂದ. "ಚೆನ್ನಾಗಿ ಕಾಣ್ಲಿ ಅಂತ ಬೆಳಗ್ದೆ. ನೀ ಮಾಡಿದ್ದಲ್ವಾ ಅದು." ನನ್ನ ಬೆರಳುಗಳು ಹೆಣಿಗೆಯ ಮೇಲೆ ಸೆಟೆದುಕೊಂಡಿದ್ದವು. ಅವನೇ ಒಂದೊಂದಾಗಿ ಬಿಡಿಸಿದ.

ಬಿಸಿಲು ಇಳಿಯುವ ತನಕ ಇಬ್ಬರೂ ದಡದಲ್ಲೇ ಕೂತಿದ್ದೆವು. ಡಬ್ಬಿಯ ಕಜ್ಜಾಯಕ್ಕೆ ಇರುವೆ ಮುತ್ತಿತು. ಸಂಜೆ ಹಾಡಿಯ ಮೇಲಿನ ದಿಬ್ಬದಲ್ಲಿ ಏನೋ ಅಲುಗಾಡಿತು. ಇಬ್ಬರು ಹೆಂಗಸರು ಒದ್ದೆಯಾದ ಕೆಂಪು ಸೀರೆಯೊಂದನ್ನು ಎರಡು ತುದಿ ಹಿಡಿದು, ನಮ್ಮ ಕಡೆಗೆ ತಿರುಗಿಸಿ ಒಣಹಾಕುತ್ತಿದ್ದರು. ಒಂದು ತುದಿಯಲ್ಲಿ ನಿಂತವಳಿಗೆ ಹೊಟ್ಟೆ ಮುಂದೆ ಬಂದಿತ್ತು. ಅಣ್ಣ ಮಣ್ಣಿನ ಮೇಲೆ ಬೋರಲಾಗಿ ಬಿದ್ದು ಅತ್ತ. ನಾನೂ ಅತ್ತೆ.

ಯಜಮಾನರು ಮುಂದಿನ ಕನೆಕ್ಟರುಗಳಿಗೆಲ್ಲ ನಿಕ್ಕಲ್ ಲೇಪ ಕೊಡಿಸಿ, ಹೊರಗೆ ಕಾಣುವಷ್ಟಕ್ಕೆ ಕಪ್ಪು ಬಣ್ಣ ಬಳಿಸಿದರು, ಬೆಳಗಬೇಕೆಂದು ಯಾರಿಗೂ ಅನ್ನಿಸದ ಹಾಗೆ. ಅಣೆಕಟ್ಟಿನವರಿಗೆ ಹೇಳಿ ಕಟ್ಟಳೆಯನ್ನೂ ಬದಲಾಯಿಸಿದರು. ನೀರು ಬಿಡಲಿ ಬಿಡದಿರಲಿ ಮೇಲಿನವರು ಹೊತ್ತುಹೊತ್ತಿಗೆ ಕರೆದು ಹೇಳಬೇಕು. ಏನೂ ಕೇಳಿಸದಿದ್ದರೆ ಯಾರನ್ನೂ ಹೊಳೆಗೆ ಇಳಿಸಕೂಡದು.

ಅತ್ತಿಗೆಗೆ ಹೆಣ್ಣು ಮಗು ಹುಟ್ಟಿತು. ನಾಮಕರಣಕ್ಕೆ ಹೋದಾಗ ಅಣ್ಣನ ಮನೆಯೆಲ್ಲ ಹುಣಸೆಹಣ್ಣಿನ ವಾಸನೆ, ಸಾಲಾಗಿ ಬೆಳಗಿಟ್ಟ ಹಿತ್ತಾಳೆ. ನನಗೆ ಹೊಸ್ತಿಲು ದಾಟಲಾಗಲಿಲ್ಲ, ಜಗಲಿಯ ಮೇಲೆ ಕೂತುಬಿಟ್ಟೆ. ಬಾಣಂತಿ ಅತ್ತಿಗೆಯೇ ಎದ್ದು ಬಂದು ಮಗುವನ್ನು ನನ್ನ ಮಡಿಲಿಗೆ ಹಾಕಿ, ಒಳಗೆ ಹೋಗಿ ಪಾತ್ರೆಗಳನ್ನೆಲ್ಲ ಎತ್ತಿಟ್ಟಳು. ಅಂದಿನಿಂದ ನಾನು ಬರುವ ಸುದ್ದಿ ತಿಳಿದರೆ ಆ ಮನೆಯಲ್ಲಿ ಹಿತ್ತಾಳೆ ಬೆಳಗುವುದಿಲ್ಲ. ಹಬ್ಬದ ದಿನವೂ ದೇವರ ಮುಂದೆ ಮಂಕು ದೀಪವೇ. ನೆಂಟರು ಯಾರಾದರೂ ಆಡಿಕೊಂಡರೆ ಅತ್ತಿಗೆ, "ಅವ್ಳು ಊರಿಗೋದ್ಮೇಲೆ ತಿಕ್ತೀನಿ ಬುಡಿ," ಎನ್ನುತ್ತಾಳೆ.