ಕರಡಿಗೆಗೆ ಸದ್ದು ಹೊಂದಿಸಿದ್ದು

ಹೊಸ ಯಂತ್ರವೊಂದು ಮನೆಗೆ ಬಂತೆಂದರೆ ಅದರ ಗುಂಡಿಯನ್ನು ತಿರುಗಿಸದೆ ಸುಮ್ಮನಿರುವ ಗಂಡಸನ್ನು ನಾನಿನ್ನೂ ಕಂಡಿಲ್ಲ. ಗಡಿಯಾರವಾದರೆ ಕಿವಿ ಹಿಂಡುತ್ತಾನೆ, ಲಾಂದ್ರವಾದರೆ ಬತ್ತಿ ಏರಿಸಿ ಇಳಿಸಿ ಗಾಜಿಗೆ ಮಸಿ ಹಿಡಿಸುತ್ತಾನೆ. ಯಂತ್ರ ಸರಿಯಾಗಿಯೇ ನಡೆಯುತ್ತಿದ್ದರೆ ಅವನಿಗೆ ಅದೊಂದು ಬಗೆಯ ಅವಮಾನ. ತನ್ನ ಕೈ ತಾಗಿದ ಮೇಲೆಯೇ ಅದು ಸರಿಯಾಗಬೇಕು. ಈ ಮಾತಿಗೆ ನಾನೂ ಹೊರತಲ್ಲವಾದರೂ, ಇದರ ಪರಾಕಾಷ್ಠೆಯನ್ನು ನೋಡಬೇಕಾದರೆ ನೀವು ನನ್ನ ಹೆಂಡತಿಯ ತಮ್ಮ ಶಿವಾನಂದಪ್ಪನನ್ನು ನೋಡಬೇಕಿತ್ತು.

ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಸರ್ಕಾರ ತನಗೆ ಬೇಡವಾದ ದಂಡಿನ ಸಾಮಾನುಗಳನ್ನೆಲ್ಲ ಹರಾಜು ಹಾಕುತ್ತಿತ್ತು. ಬೇರೆಯವರು ಕಂಬಳಿ, ಬೂಟು, ನೀರಿನ ಡಬ್ಬಿಗಳನ್ನು ಕೊಂಡರೆ, ದಂಡಿನ ಉಗ್ರಾಣದಲ್ಲಿ ಕೆಲಸ ಮಾಡಿ ಹೊನ್ನಾಳಿಗೆ ಮರಳಿದ್ದ ನಮ್ಮ ಶಿವಾನಂದಪ್ಪ ನೆಲದೊಳಗೆ ಹೂತ ಸಿಡಿಗುಂಡುಗಳನ್ನು ಪತ್ತೆಹಚ್ಚುವ ಯಂತ್ರವನ್ನು ತಂದ. ಉದ್ದನೆಯ ಕೋಲು, ಅದರ ತುದಿಗೆ ರೊಟ್ಟಿಯ ಹಂಚಿನಷ್ಟಗಲದ ತಟ್ಟೆ, ಬೆನ್ನಿಗೆ ಬ್ಯಾಟರಿಯ ಪೆಟ್ಟಿಗೆ, ಕಿವಿಗೆ ಹೆಡ್‌ಫೋನು. ನೆಲದಡಿ ಲೋಹವಿದ್ದರೆ ಕಿವಿಯಲ್ಲಿ ಕೂಗುತ್ತಿತ್ತು. ಹೊನ್ನಾಳಿ ಸೀಮೆಯಲ್ಲಿ ಯಾರೂ ಸಿಡಿಗುಂಡು ಹೂತಿರಲಿಲ್ಲವೆಂಬ ಸಣ್ಣ ಅಡಚಣೆ ಅವನನ್ನು ಬಾಧಿಸಲಿಲ್ಲ. ಪಾಳೆಯಗಾರರು ಹೂತ ಹೊನ್ನು ಎಲ್ಲೆಲ್ಲಿಯೂ ಇದೆಯೆಂಬುದು ಅವನ ದೃಢವಾದ ನಂಬಿಕೆಯಾಗಿತ್ತು.

ಆ ನಂಬಿಕೆಯಿಂದ ಅವನು ಚನ್ನಗಿರಿಯ ಕೋಟೆಯ ಬುಡವನ್ನು ಶೋಧಿಸಿದ. ಎತ್ತಿನ ಲಾಳಗಳು ಸಿಕ್ಕವು. ಸಾಸ್ವೆಹಳ್ಳಿಯ ಹೊಳೆದಂಡೆಯನ್ನು ಶೋಧಿಸಿದ. ಯಾವಳೋ ಪುಣ್ಯಾತ್ಗಿತ್ತಿ ಕಳೆದುಕೊಂಡ ಸೌಟು ಸಿಕ್ಕಿತು. ಇದರಿಂದ ಅವನ ಉತ್ಸಾಹ ಕುಗ್ಗಿತೆಂದು ತಿಳಿಯಬೇಡಿ. ದೋಷವಿರುವುದು ಪಾಳೆಯಗಾರರಲ್ಲೂ ಅಲ್ಲ, ತನ್ನಲ್ಲೂ ಅಲ್ಲ, ಸದ್ದಿನ ಹೊಂದಾಣಿಕೆಯಲ್ಲಿ ಎಂದು ಅವನು ನಿರ್ಧರಿಸಿದ. ಪೆಟ್ಟಿಗೆಯ ಮೇಲೆ ಎರಡು ಗುಂಡಿಗಳಿದ್ದವು. ಏರಿಸಿದರೆ ಸೂಜಿ ಬಿದ್ದಲ್ಲಿಯೂ ಅರಚುತ್ತಿತ್ತು, ಇಳಿಸಿದರೆ ಗುದ್ದಲಿಯ ಮೇಲೆ ಹಿಡಿದರೂ ಮೌನವ್ರತ. ಇವೆರಡರ ನಡುವೆ, ಕಬ್ಬಿಣದ ಚೂರಿಗೆ ಸುಮ್ಮನಿದ್ದು ಬೆಲೆಯುಳ್ಳದ್ದಕ್ಕೆ ಮಾತ್ರ ದನಿಯೆತ್ತುವ ಒಂದು ಪವಿತ್ರ ಬಿಂದುವಿದೆಯೆಂದೂ, ಅದನ್ನು ಕಂಡುಹಿಡಿಯುವುದೇ ಪುರುಷಾರ್ಥವೆಂದೂ ಹೇಳುತ್ತ ನ್ಯಾಮತಿಯ ತನ್ನ ಮಾವನ ಮನೆಯವರ ನಿದ್ದೆಯನ್ನೆಲ್ಲ ಕೆಡಿಸಿ, ಕಡೆಗೆ ನಾನು ಮೇಷ್ಟ್ರಾಗಿದ್ದ ಜಗಳೂರಿಗೆ ಯಂತ್ರಸಮೇತ ಬಂದಿಳಿದ.

ಅವನು ಬಂದ ಮರುದಿನ ಬೆಳಿಗ್ಗೆಯೇ ಸೊಕ್ಕೆಯಿಂದ ಬುಡೇನ್ ಸಾಬರು ಗಾಡಿ ಹೊಡೆದುಕೊಂಡು ಬಂದರು. ಸೊಕ್ಕೆಯಲ್ಲಿ ನನ್ನ ಸೋದರತ್ತೆ ಗೌರಮ್ಮನ ಮನೆಗೆ ಹತ್ತಿಕೊಂಡಂತೆ ಇವರ ಮನೆ. ಮೆಣಸಿನಕಾಯಿ ವ್ಯಾಪಾರ ಇವರದು. ಅತ್ತೆಗೆ ಇವರು ತಮ್ಮ, ಇವರಿಗೆ ಅತ್ತೆ ಅಕ್ಕ. ಗಾಡಿಯಿಂದ ಇಳಿಯುವ ಮೊದಲೇ ಅವರು, "ಮೇಷ್ಟ್ರೇ, ಅಕ್ಕಾರ ಲಿಂಗ ಕಳೆದೈತೆ. ನಿನ್ನೆ ಮಧ್ಯಾಹ್ನದಿಂದ ಹನಿ ನೀರು ಮುಟ್ಟಿಲ್ಲ. ಹೆಂಗಾದ್ರೂ ಮಾಡಿ ಬರ್ರಿ" ಎಂದರು.

ನಮ್ಮಲ್ಲಿ ಇದರ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ, ಆದರೂ ಹೇಳುತ್ತೇನೆ. ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು, ಶಿವದಾರದಿಂದ ಕೊರಳಿಗೆ ಕಟ್ಟಿಕೊಂಡರೆ ಅದು ಮೈಯಿಂದ ಅಗಲುವಂತಿಲ್ಲ. ಅದಕ್ಕೆ ತೋರಿಸದೆ ತುತ್ತು ಅನ್ನ, ಗುಟುಕು ನೀರು ಬಾಯಿಗೆ ಹೋಗುವಂತಿಲ್ಲ. ಕಣದಲ್ಲಿ ಜೋಳ ತೂರುವಾಗ ಅತ್ತೆಯ ಶಿವದಾರ ಸವೆದು ಹರಿದಿತ್ತು. ಮಠದ ಅಯ್ಯನವರು ಹೊಸ ಲಿಂಗವನ್ನು ಕೊಡಲು ತಾವಾಗಿ ಬಂದರೂ, "ಎಂಟು ವರ್ಷದ ಹುಡುಗಿ ಇದ್ದಾಗಿಂದ ನನ್ನ ಕೂಡ ಐತೆ, ಅದು ಕಣದಾಗ ಬಿಸಿಲಿಗೆ ಬಿದ್ದಿರುವಾಗ ನಾನು ಇನ್ನೊಂದು ಕಟ್ಕೊಂಡು ಉಣ್ಲಾ?" ಎಂದು ಅವರನ್ನು ಹಿಂದಕ್ಕೆ ಕಳಿಸಿದ್ದಳಂತೆ. ಬಿಸಿಲು ಕಡು ಬಿಸಿಲು, ಅತ್ತೆಗೆ ಎಪ್ಪತ್ತು ದಾಟಿದ ದೇಹ. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಶಿವಾನಂದಪ್ಪನ ಮುಖ ಮಾತ್ರ ಅರಳಿತು, ಕರಡಿಗೆ ಬೆಳ್ಳಿಯದಲ್ಲವೇ!

ನಾವು ಹೋಗುವಷ್ಟರಲ್ಲಿ ಅರ್ಧ ಊರು ಕಣದಲ್ಲಿ ನೆರೆದಿತ್ತು. ಅತ್ತೆ ಜಾಲಿಯ ಮರದ ನೆರಳಲ್ಲಿ ಕಣದಂಚಿನ ಗೋಡೆಗೊರಗಿ ಕುಳಿತಿದ್ದಳು; ತುಟಿ ಒಣಗಿ ಬಿರಿದಿತ್ತು. ಶಿವಾನಂದಪ್ಪ ಯಂತ್ರವನ್ನು ಹೊತ್ತು ಕಣದಲ್ಲಿ ಒಂದು ಸುತ್ತು ಹಾಕಿದ. ಸದ್ದು ಕೇಳುವುದು ಅವನೊಬ್ಬನಿಗೆ, ಕುತೂಹಲ ಊರಿಗೆಲ್ಲ. ಆದ್ದರಿಂದ ಜನ ನೆಲವನ್ನು ಬಿಟ್ಟು ಅವನ ಹುಬ್ಬುಗಳನ್ನೇ ನೋಡುತ್ತಿದ್ದರು. ಹುಬ್ಬು ಹೆಜ್ಜೆಹೆಜ್ಜೆಗೂ ಮೇಲೇರಿತು. ತಲೆಮಾರುಗಳಿಂದ ಎತ್ತುಗಳು ತುಳಿದ ಆ ಕಣದಲ್ಲಿ ಲಾಳದ ಮೊಳೆಗಳು ಜೋಳದ ಕಾಳಿಗಿಂತ ದಟ್ಟವಾಗಿದ್ದವು. ಜತೆಗೆ, ಹತ್ತಿರ ಬಂದು ಇಣುಕುವ ಪ್ರತಿಯೊಬ್ಬ ಹೆಂಗಸಿನ ಕಾಲುಂಗುರವೂ ಪ್ರತಿಯೊಬ್ಬ ಗಂಡಸಿನ ಮೆಟ್ಟಿನ ಮೊಳೆಯೂ ತಮ್ಮ ತಮ್ಮ ಅಹವಾಲುಗಳನ್ನು ಅವನ ಕಿವಿಗೆ ಸಲ್ಲಿಸುತ್ತಿದ್ದವು.

"ಸದ್ದು ಹೊಂದಿಸಬೇಕು. ಒಂದು ಕರಡಿಗೆ ಕೊಡ್ರಿ, ಅದನ್ನ ನೆಲದ ಮೇಲಿಟ್ಟು ಅದಕ್ಕೆ ಸರಿಯಾಗಿ ಗುಂಡಿ ತಿರುಗಿಸ್ತೀನಿ" ಎಂದು ಅವನು ಕೇಳಿದ.

ಯಾರು ಕೊಡುತ್ತಾರೆ? ಕಣದಲ್ಲಿ ಕರಡಿಗೆಗಳಿಗೇನೂ ಬರವಿರಲಿಲ್ಲ, ಆದರೆ ಕೊರಳಿಂದ ಇಳಿಸುವವರು ಯಾರು? ಮೈಯಿಂದ ಅಗಲಿದ್ದಕ್ಕೇ ತಾನೇ ಅತ್ತೆ ಉಪವಾಸ ಕೂತಿದ್ದು! ಕೇಳಿದ ಅವನಾದರೂ ತನ್ನದನ್ನು ಇಳಿಸಲಿಲ್ಲ. ಊರ ಹಿರಿಯರು ಬಹಳ ಗಂಭೀರವಾಗಿ ವಿಚಾರಮಾಡಿ, ಕರಡಿಗೆ ಮೈಯಿಂದ ನೆಲಕ್ಕೆ ಇಳಿಯಕೂಡದಾದರೆ ಕರಡಿಗೆಯಿರುವ ಮೈಯೇ ನೆಲಕ್ಕೆ ಇಳಿಯಬಹುದೆಂದು ತೀರ್ಮಾನಿಸಿದರು. ವಿದ್ಯಾವಂತನೆಂದು ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ಹೀಗೆ, ಜಗಳೂರಿನ ಶಾಲೆಯಲ್ಲಿ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ನಾನು ಸೊಕ್ಕೆಯ ಕಣದಲ್ಲಿ ಅಂಗಾತ ಮಲಗಿದೆ.

ಓದುಗ ಮಹಾಶಯರೇ, ನಡುಹಗಲಲ್ಲಿ ಊರ ಮಧ್ಯೆ ಮಲಗಿ ಆಕಾಶವನ್ನು ನೋಡುವ ಸಂದರ್ಭ ನಿಮಗೆ ಬಾರದಿರಲಿ. ಸುತ್ತಲೂ ಬಗ್ಗಿದ ಮುಖಗಳು, ಬೆನ್ನಡಿ ಜೋಳದ ದಂಟಿನ ಚೂರು, ಹೊಟ್ಟೆಯ ಮೇಲೆ ಹೋಗಿ ಬರುವ ಆ ತಟ್ಟೆ. ಬುಡೇನ್ ಸಾಬರು ಮಾತ್ರ ಕನಿಕರದಿಂದ ನನ್ನ ಮುಖಕ್ಕೆ ಕೊಡೆ ಹಿಡಿದಿದ್ದರು. "ಭಾವಾ, ಉಸಿರು ಬಿಗಿ ಹಿಡೀರಿ, ಕರಡಿಗೆ ಅಳ್ಳಾಡ್ತೈತಿ" ಎಂದು ಶಿವಾನಂದಪ್ಪ ಅಪ್ಪಣೆ ಕೊಡುತ್ತಿದ್ದ. ಮೊಳೆಗೆ ಮೌನ, ನನಗೆ ಸದ್ದು ಎಂಬ ಸ್ಥಿತಿಗೆ ಬಂದಾಗ ಅವನ ಮುಖದಲ್ಲಿ ಸಿದ್ಧಪುರುಷರ ಕಳೆ ಕಂಡಿತು.

ಅನಂತರ ಕಣವನ್ನೆಲ್ಲ ಸುತ್ತಿದ. ಈಗ ಯಂತ್ರ ಪಿಟ್ಟೆನ್ನಲಿಲ್ಲ. ಹುಬ್ಬು ಕದಲಲಿಲ್ಲ. ಬಿಸಿಲೇರಿತು; ಅತ್ತೆಯ ತಲೆ ಗೋಡೆಗೆ ವಾಲತೊಡಗಿತು. ಬುಡೇನ್ ಸಾಬರು ಘಳಿಗೆಗೊಮ್ಮೆ ಹೋಗಿ, "ಅಕ್ಕಾ, ತುಟಿಯಾದ್ರೂ ಒದ್ದೆ ಮಾಡ್ಕೊಳ್ರಿ" ಎಂದು ಬೇಡುವುದೂ ಅವಳು ಕೈಯಾಡಿಸಿ ಬೇಡವೆನ್ನುವುದೂ ನಡೆದೇ ಇತ್ತು. ಅವಳು ನನ್ನನ್ನು ಹತ್ತಿರ ಕರೆದಳು. ಏನೋ ಕೊನೆಯ ಮಾತು ಹೇಳುವಳೆಂದು ಎದೆ ಹಿಡಿದುಕೊಂಡು ಬಾಗಿದೆ.

"ಮಲ್ಲಾ, ಮಲಗಿದಾಗ ಸೊಂಟದಾಗೆ ನಾನು ಕೊಟ್ಟ ಬೆಳ್ಳಿ ಉಡಿದಾರ ಇತ್ತೋ ಇಲ್ಲೋ?"

ಇತ್ತು. ದಪ್ಪನಾದ, ಮದುವೆಯಲ್ಲಿ ಅವಳೇ ಕಟ್ಟಿಸಿದ ಉಡಿದಾರ. ನನ್ನ ಕರಡಿಗೆ ಜಾರಿ ಬಂದು ಅದರ ನೆರೆಯಲ್ಲೇ ಮಲಗಿತ್ತು. ಯಂತ್ರಕ್ಕೆ ಅಷ್ಟೂ ಬೆಳ್ಳಿಯ ಅಭ್ಯಾಸ ಮಾಡಿಸಿದ್ದೆವು; ಬರಿಯ ಕರಡಿಗೆಯೊಂದು ಅದರ ಲೆಕ್ಕಕ್ಕೇ ಬರುತ್ತಿರಲಿಲ್ಲ. ಇನ್ನೊಮ್ಮೆ ಮಲಗಬೇಕಾಯಿತು. ಗಂಡಸಾದವನು ಉಡಿದಾರವಿಲ್ಲದೆ ಇರಬಾರದೆಂಬ ಇನ್ನೊಂದು ಕಟ್ಟಳೆ ಎದುರಾದಾಗ, ಜನರ ನಡುವೆ ನಿಂತಿದ್ದ ಮಠದ ಅಯ್ಯನವರು ತಕ್ಷಣಕ್ಕೊಂದು ನೂಲಿನೆಳೆಯನ್ನು ಮಂಜೂರು ಮಾಡಿದರು. ಕಂಬಳಿಯ ಮರೆಯಲ್ಲಿ ನಾನು ಬೆಳ್ಳಿಯಿಂದ ನೂಲಿಗೆ ಇಳಿದೆ. ಸಾಲಾಗಿ ನಿಂತಿದ್ದ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು.

ಸದ್ದು ಮತ್ತೆ ಹೊಂದಿತು. ಹೊಟ್ಟಿನ ರಾಶಿಯ ಅಂಚಿನಲ್ಲಿ ಶಿವಾನಂದಪ್ಪ ಥಟ್ಟನೆ ನಿಂತ. ಹುಬ್ಬುಗಳು ನೆತ್ತಿಗೇರಿದವು. ಹೊಟ್ಟು ಸರಿಸಿದರೆ ಬೆಳ್ಳಿಯ ಕರಡಿಗೆ ಫಳಫಳ ಹೊಳೆಯಿತು! ಜನ ಹೋ ಎಂದರು. ಹರಿದ ದಾರವನ್ನು ಹಿಡಿದು ಅದನ್ನು ಓಡೋಡಿ ಅತ್ತೆಯ ಮಡಿಲಿಗೆ ಹಾಕಿದ. ಅವಳು ಕಣ್ಣಿಗೊತ್ತಿಕೊಂಡಳು, ನೋಡಿದಳು, ಕೈ ಹಾಗೆಯೇ ನಿಂತಿತು. ಮುಚ್ಚಳ ತೆರೆದಿತ್ತು. ಒಳಗೆ ಏನೂ ಇರಲಿಲ್ಲ.

ಅತ್ತೆ ಅಳಲಿಲ್ಲ. ಕರಡಿಗೆಯನ್ನು ಪಕ್ಕಕ್ಕಿಟ್ಟು ಕಣ್ಣು ಮುಚ್ಚಿದಳು. ಆ ಹೊತ್ತಿಗೆ ನನಗೆ ಹೊಳೆದದ್ದು ಬಹಳ ಸರಳವಾದ ಸಂಗತಿ. ಯಂತ್ರಕ್ಕೆ ಕೇಳಿಸುವುದು ಬೆಳ್ಳಿ, ಅತ್ತೆಗೆ ಬೇಕಾದದ್ದು ನೇರಳೆ ಹಣ್ಣಿನಷ್ಟು ಕರಿಯ ಕಲ್ಲು. ಕಲ್ಲು ಎಷ್ಟು ಗುಂಡಿ ತಿರುಗಿಸಿದರೂ ಸದ್ದು ಮಾಡುವುದಿಲ್ಲ. ಇದನ್ನು ಶಿವಾನಂದಪ್ಪನಿಗೆ ತಿಳಿಸಲು ಹೋದೆ. ಅವನು ಆಗಲೇ ಹೆಡ್‌ಫೋನು ಏರಿಸಿಕೊಂಡು, ಲಿಂಗಕ್ಕೆ ಸದ್ದು ಹೊಂದಿಸುತ್ತ ಕಣದ ಆಚೆಯ ತುದಿಗೆ ಹೊರಟಿದ್ದ.

ಉಳಿದವರೆಲ್ಲ ಮೊಣಕಾಲೂರಿ ಕೂತೆವು. ಬರಿಗೈಯಲ್ಲಿ ಹೊಟ್ಟು ಸರಿಸುತ್ತ, ಬೆಣಚುಕಲ್ಲುಗಳನ್ನು ಹೆಕ್ಕಿ ಹೆಕ್ಕಿ ನೋಡುತ್ತ ತೆವಳಿದೆವು. ನೆರಳು ವಾಲುವ ಹೊತ್ತಿಗೆ ಬೇಲಿಯ ಪಕ್ಕದಿಂದ ಬುಡೇನ್ ಸಾಬರ ಕೂಗು ಕೇಳಿತು: "ಅಕ್ಕಾ! ಇಲ್ಲೈತೆ! ಬರ್ರಿ, ನಾನು ಮುಟ್ಟಿಲ್ಲ!"

ಹೋಗಿ ನೋಡಿದರೆ, ಅವರು ಎರಡೂ ಅಂಗೈಗಳನ್ನು ನೆಲದ ಮೇಲೆ ಗೋಡೆಯಂತೆ ನಿಲ್ಲಿಸಿ, ನಡುವಿನ ಲಿಂಗಕ್ಕೆ ಬೆರಳು ತಾಕದಂತೆ, ಗಾಳಿಗೆ ಹೊಟ್ಟು ಹಾರಿ ಮುಚ್ಚದಂತೆ ಕಾಯುತ್ತಿದ್ದರು. ಧರಿಸಿದವರ ಹೊರತು ಇನ್ನೊಬ್ಬರ ಕೈ ಲಿಂಗಕ್ಕೆ ಸೋಂಕಬಾರದೆಂಬುದು ಅವರಿಗೆ ನಮ್ಮಷ್ಟೇ ಚೆನ್ನಾಗಿ ಗೊತ್ತಿತ್ತು. ದಂಟಿನ ಸಿಬಿರು ಚುಚ್ಚಿ ಅವರ ಕೈಯಲ್ಲಿ ರಕ್ತ ಬಂದಿತ್ತು. ಅತ್ತೆಯನ್ನು ನಾನು ತೋಳು ಹಿಡಿದು ನಡೆಸಿಕೊಂಡು ಬಂದೆ. ಲಿಂಗವನ್ನು ಕಂಡದ್ದೇ ಅವಳ ಕಣ್ಣಿಂದ ನೀರು ಇಳಿಯಿತು. ಬಗ್ಗಲು ಹೋದಳು, ಆಗಲಿಲ್ಲ. ನಾನು ಕೈ ಚಾಚಬಹುದಿತ್ತು, ನನಗೂ ಧೈರ್ಯವಾಗಲಿಲ್ಲ. ಅಯ್ಯನವರು ಆಕಾಶ ನೋಡಿದರು.

"ಉಪಾಸ ಇರೋ ಮುದುಕೀನ ಇಲ್ಲೀತನಕ ನಡೆಸಿದ್ಯಲ್ಲೋ ತಮ್ಮಾ," ಎಂದು ಅತ್ತೆ ಬುಡೇನ್ ಸಾಬರತ್ತ ಅಂಗೈ ಚಾಚಿದಳು, "ಇನ್ನೇನು ನೋಡ್ತಿ? ಎತ್ತಿ ಇಡು."

ಬುಡೇನ್ ಸಾಬರು ಸುತ್ತ ಒಮ್ಮೆ ನೋಡಿದರು. ಅವರು ಕೈಗಳನ್ನು ತಮ್ಮ ಅಂಗಿಗೆ ಬಹಳ ಹೊತ್ತು ಒರೆಸಿಕೊಂಡು, ಲಿಂಗವನ್ನು ಎರಡು ಕೈಯಿಂದ ಎತ್ತಿ ಅತ್ತೆಯ ಅಂಗೈಯಲ್ಲಿ ಇಟ್ಟರು. ಅವಳು ಅದನ್ನು ಎದೆಗೊತ್ತಿಕೊಂಡು, "ಈಗ ನೀರು ತರ್ರಿ" ಎಂದಳು.

ಅಷ್ಟರಲ್ಲಿ ಕಣದ ಆಚೆ ತುದಿಯಿಂದ, ಈ ಸುದ್ದಿ ತಿಳಿಯದೆ ಸೊಕ್ಕೆಯಲ್ಲಿ ಉಳಿದಿದ್ದ ಒಬ್ಬನೇ ಒಬ್ಬ ಮನುಷ್ಯ, ಹೆಡ್‌ಫೋನನ್ನು ಎರಡೂ ಕಿವಿಗೆ ಬಿಗಿಯಾಗಿ ಒತ್ತಿಕೊಂಡು ನನ್ನನ್ನು ಕೂಗಿದ: "ಭಾವಾ, ಈಗ ಸದ್ದು ಸರಿಯಾಗೈತಿ ನೋಡ್ರಿ!"

ಹೌದಪ್ಪಾ, ಸರಿಯಾಗಿದೆ ಎಂದು ನಾನೂ ಗಂಟಲು ಬಿಟ್ಟು ಕೂಗಿದೆ. ಅವನಿಗೆ ಅದೂ ಕೇಳಿಸಲಿಲ್ಲ.