ಟೀಚರು ತಿದ್ದಿದ ಕೈ

ರಜೆ ಮುಗಿದು ಶಾಲೆ ತೆರೆದ ಮೊದಲ ವಾರ ಐದನೆಯ ತರಗತಿಗೆ ಡ್ರಾಯಿಂಗ್ ಟೀಚರು ಕೊಡುತ್ತಿದ್ದ ಕೆಲಸ ಇಪ್ಪತ್ತಮೂರು ವರ್ಷಗಳಿಂದ ಒಂದೇ. ಹಾಳೆಯ ಮೇಲೆ ಅಂಗೈ ಊರಿ ಅದರ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯಬೇಕು. ರಜೆಯಲ್ಲಿ ಆ ಕೈ ಏನೇನು ಮಾಡಿತೋ ಅದನ್ನು ಬೆರಳಿಗೊಂದರಂತೆ ಐದು ಚಿತ್ರ ಬರೆದು ಬಣ್ಣ ತುಂಬಬೇಕು. ಚಿತ್ರ ಬಾರದ ಮಗುವಿಗೂ ಕೈಯಂತೂ ಇರುತ್ತದಲ್ಲ ಎಂದು ಟೀಚರು ನಗುತ್ತಿದ್ದರು.

ಮಕ್ಕಳು ಬೆನ್ನ ಹಿಂದೆ ಅವರನ್ನು ರಬ್ಬರ್ ಮಿಸ್ ಎನ್ನುತ್ತಿದ್ದರು. ಅವರ ಎಡಗೈಯಲ್ಲಿ ಸದಾ ಒಂದು ರಬ್ಬರ್ ತುಂಡು ಇರುತ್ತಿತ್ತು. ಹರೆಯದಲ್ಲಿ ಅವರೂ ಕಲಾವಿದೆಯಾಗಬೇಕೆಂದುಕೊಂಡವರೇ. ಒಂದು ಪ್ರದರ್ಶನದಲ್ಲಿ ಅವರ ಮೂರು ಚಿತ್ರಗಳನ್ನು ತೂಗುಹಾಕಿದ್ದರು. ಬಂದವರು ಆ ಗೋಡೆಯನ್ನು ದಾಟಿ ಪಾನಕದ ಮೇಜಿನ ಕಡೆಗೆ ಹೋದರು. ಆಮೇಲೆ ಈ ಕೆಲಸ ಸಿಕ್ಕಿತು. ಸೊಟ್ಟ ಗೆರೆ ಕಂಡರೆ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಬಸ್ಸು ಓಡಿಸಿ ನಿವೃತ್ತರಾದ ಗಂಡ, “ನನ್ನ ಮೂಗು ಸೊಟ್ಟಗಿದೆ ಅಂತ ಗೊತ್ತು ಮಾರಾಯ್ತಿ, ಅದಕ್ಕೆ ಮಾತ್ರ ರಬ್ಬರ್ ತರಬೇಡ” ಎಂದು ಛೇಡಿಸುತ್ತಿದ್ದರು. ಹಿಂದಿನ ವರ್ಷ ಹೆಡ್ ಮಿಸ್ ಕೂಡ ಕರೆದು, ಮಕ್ಕಳ ಚಿತ್ರದ ಮೇಲೆ ನೀವು ಕೈಯಾಡಿಸಬೇಡಿ, ಪೋಷಕರು ದೂರು ಕೊಟ್ಟಿದ್ದಾರೆ ಎಂದು ಹೇಳಿದ್ದರು. ಟೀಚರು ಹೂಂಗುಟ್ಟಿ ಬಂದಿದ್ದರು.

ಈ ಸಲ ಶನಿವಾರವೇ ಪೋಷಕರ ಸಭೆ. ಶುಕ್ರವಾರ ಸಂಜೆ ನಲವತ್ತೊಂದು ಹಾಳೆಗಳನ್ನು ಕಾರಿಡಾರಿನ ಗೋಡೆಗೆ ಅಂಟಿಸುವ ಕೆಲಸ ಅವರೊಬ್ಬರ ತಲೆಗೇ ಬಂತು. ಮೂವತ್ತನ್ನು ದಾಟಿದ ಮೇಲೆ ಮರಗೆಲಸದವನ ಮಗಳ ಹಾಳೆ ಕೈಗೆ ಬಂತು. ಅವಳು ಮಾತು ಕಡಿಮೆಯ ಹುಡುಗಿ. ಕೈಯ ಚಿತ್ರ ಹಾಳೆಯ ಅಂಚಿನ ತನಕ ಹರಡಿತ್ತು. ಗರಗಸ, ಮೊಳೆಯ ಡಬ್ಬ, ಮರದ ಹೊಟ್ಟಿನ ಗುಡ್ಡೆ, ಪುಟ್ಟ ಸ್ಟೂಲು ಎಂದು ನಾಲ್ಕು ಬೆರಳುಗಳಲ್ಲಿ ನಾಲ್ಕು ಚಿತ್ರಗಳಿದ್ದವು. ನಡುಬೆರಳು ಮಾತ್ರ ಬುಡದಲ್ಲೇ ಗುಂಡಗೆ ಮುಗಿದುಹೋಗಿತ್ತು. ಸೋಮಾರಿತನ ಎಂದುಕೊಂಡರು ಟೀಚರು. ಆ ಮೊಂಡು ಗೆರೆಯನ್ನು ಅಳಿಸಿ, ಉದ್ದಕ್ಕೆ ಒಂದು ಚೆಂದದ ಬೆರಳು ಎಳೆದು, ಅದರೊಳಗೆ ಎರಡೆಲೆಯ ಕೆಂಪು ಹೂವನ್ನು ಬರೆದರು. ಎರಡು ನಿಮಿಷದ ಕೆಲಸ. ಹಾಳೆಯನ್ನು ದೂರ ಹಿಡಿದು ನೋಡಿದಾಗ ಅವರಿಗೆ ಖುಷಿಯೇ ಆಯಿತು.

ಮರುದಿನ ಬೆಳಿಗ್ಗೆ ಹೆಡ್ ಮಿಸ್ ಪೋಷಕರನ್ನು ಕಾರಿಡಾರಿನಲ್ಲಿ ಕರೆದುಕೊಂಡು ಬರುತ್ತಿದ್ದರು. ಮರಗೆಲಸದವನು ಮಗಳ ಚಿತ್ರದ ಮುಂದೆ ನಿಂತವನು ನಿಂತೇ ಇದ್ದ. ಕೊನೆಗೆ ತನ್ನ ಎಡಗೈ ಎತ್ತಿ ಹಾಳೆಯ ಮೇಲೆ ಊರಿದ. ಹೆಬ್ಬೆರಳು, ತೋರುಬೆರಳು, ಉಂಗುರ ಬೆರಳು, ಕಿರುಬೆರಳು ನಾಲ್ಕೂ ಗೆರೆಯೊಳಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತವು. ನಡುಬೆರಳಿದ್ದ ಜಾಗದಲ್ಲಿ ಅವನಿಗೆ ಬೆರಳಿರಲಿಲ್ಲ, ಮೊಂಡು ಮಾತ್ರ. ಅದರ ಮೇಲೆ ಟೀಚರ ಹೂವು ಕೆಂಪಗೆ ಕಾಣುತ್ತಿತ್ತು.

ಟೀಚರಿಗೆ ಆಗ ನೆನಪಾಯಿತು. ಸೋಮವಾರ ಹಾಜರಿ ಕರೆಯುತ್ತಿದ್ದಾಗ ಆ ಹುಡುಗಿ ಮೇಜಿನ ಹತ್ತಿರ ಬಂದು, “ಮಿಸ್, ಅಪ್ಪನ ಕೈ ಇಟ್ಟು ಬರೀಬಹುದಾ?” ಎಂದು ಕೇಳಿದ್ದಳು. ತಲೆ ಎತ್ತದೆ, “ಯಾರ ಕೈಯಾದ್ರೂ ಇಡು, ನೀಟಾಗಿರಲಿ” ಎಂದಿದ್ದರು.

“ಮಿಸ್, ಈ ಬೆರಳು ಯಾರು ಬರೆದಿದ್ದು?” ಎಂದು ಕೇಳಿದ ಅವನು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

ಹೆಡ್ ಮಿಸ್ ಪಕ್ಕದಲ್ಲೇ ಇದ್ದರು. ಅವರ ಕಣ್ಣು ತಮ್ಮ ಮೇಲೆ ತಿರುಗಿದ್ದು ಟೀಚರಿಗೆ ತಿಳಿಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಟೀಚರು ಕೈಯಲ್ಲಿದ್ದ ರಬ್ಬರನ್ನು ಬೆನ್ನ ಹಿಂದೆ ಸರಿಸಿದರು.

“ಅವಳೇ ಬರೆದಿದ್ದು,” ಎಂದರು. “ಮಕ್ಕಳಲ್ವಾ, ಮನಸ್ಸಿಗೆ ತೋಚಿದ ಹಾಗೆ ಬರೀತಾರೆ.”

ಹುಡುಗಿ ಅಪ್ಪನ ಪಕ್ಕದಲ್ಲಿದ್ದಳು. ಅವಳು ಮುಖವೆತ್ತಿ ಟೀಚರನ್ನು ನೋಡಿದಳು. ಅಪ್ಪ ಗೋಡೆಯಿಂದ ಕೈ ತೆಗೆದು ಜೇಬಿನೊಳಗೆ ಇಟ್ಟುಕೊಂಡ. “ಚೆನ್ನಾಗಿದೆ ಪುಟ್ಟಿ,” ಎಂದು ಹೇಳಿ ಮುಂದಿನ ಚಿತ್ರಕ್ಕೆ ಹೋದ.

ಆ ಭಾನುವಾರ ಟೀಚರು ಎರಡು ಸಲ ಪಾತ್ರೆ ತೊಳೆದರು. ತೊಳೆದವನ್ನೇ ಮತ್ತೆ ತೊಳೆಯುತ್ತಿದ್ದಾರೆಂದು ಗಂಡ ಹೇಳಿದ ಮೇಲೆ ಗೊತ್ತಾಯಿತು. ಬೆರಳು ಬರೆದದ್ದು ಅವರನ್ನು ಅಷ್ಟು ಕಾಡಲಿಲ್ಲ. ಅದು ತಿಳಿಯದೆ ಆದ ತಪ್ಪು. ಆದರೆ ಹತ್ತು ವರ್ಷದ ಮಗುವಿನ ಕಣ್ಣೆದುರೇ ಆ ಮಗುವಿನ ತಲೆಗೆ ಕಟ್ಟಿದ್ದು? ಎಲುಬಿಲ್ಲದ ನಾಲಿಗೆ ಎಷ್ಟು ಸಲೀಸಾಗಿ ಹೊರಳಿತ್ತು. ಸೋಮವಾರ ತರಗತಿಯಲ್ಲಿ ಹುಡುಗಿ ಎಂದಿನಂತೆ ಎದ್ದು ನಿಂತು ನಮಸ್ತೆ ಹೇಳಿದಳು. ಟೀಚರು ಅವಳ ಬೆಂಚಿನ ಕಡೆ ಹೋಗದೆ ಪೀರಿಯಡ್ ಮುಗಿಸಿದರು. ತಮಗಿಂತ ಈ ಮಗುವಿನ ಮರ್ಯಾದೆ ದೊಡ್ಡದು ಅನ್ನಿಸಿ ನಾಚಿಕೆಯಾಯಿತು.

ಅಂದು ಸಂಜೆ ಗಂಡನಿಗೆ ಎಲ್ಲವನ್ನೂ ಹೇಳಿದರು. ಅವರು ತಮಾಷೆ ಮಾಡಲಿಲ್ಲ. “ಬಸ್ಸಲ್ಲಿ ಯಾರದಾದ್ರೂ ಕಾಲು ತುಳಿದ್ರೆ ಇಳಿಯೋದರೊಳಗೆ ಹೇಳಿಬಿಡಬೇಕು,” ಎಂದರು. “ನೀನು ಎರಡು ಸ್ಟಾಪ್ ಮುಂದೆ ಬಂದಿದೀಯ. ವಾಪಸ್ ನಡ್ಕೊಂಡು ಹೋಗು.”

ಮಂಗಳವಾರ ಶಾಲೆ ಬಿಟ್ಟ ಮೇಲೆ ಟೀಚರು ಮರಗೆಲಸದ ಅಂಗಡಿಯನ್ನು ಹುಡುಕಿಕೊಂಡು ಹೋದರು. ತಗಡಿನ ಮಾಡಿನ ಉದ್ದನೆಯ ಕೋಣೆ. ನೆಲದ ತುಂಬ ಮರದ ಸಿಪ್ಪೆ. ಅವನು ಬೀರುವಿನ ಬಾಗಿಲಿಗೆ ಮರಳು ಕಾಗದ ಉಜ್ಜುತ್ತಿದ್ದ. ಕೂರಲು ಸ್ಟೂಲು ಸರಿಸಿಕೊಟ್ಟ. ಟೀಚರು ಕೂರಲಿಲ್ಲ.

“ಆ ಬೆರಳು ಬರೆದಿದ್ದು ನಾನು. ನಿಮ್ಮ ಮಗಳಲ್ಲ. ಶನಿವಾರ ನಾನು ಸುಳ್ಳು ಹೇಳಿದೆ.”

ಉಜ್ಜುವ ಸದ್ದು ನಿಂತಿತು.

“ನಾನು ಮನೆಗೆ ಹೋಗಿ ಅವಳನ್ನ ಕೇಳಿದೆ ಮೇಡಂ,” ಎಂದ ಅವನು. “ನಾನು ಬರೆದಿಲ್ಲ ಅಪ್ಪ, ಮಿಸ್ ಬರೆದಿರಬೇಕು ಅಂದ್ಲು. ನಾನು ನಂಬಲಿಲ್ಲ. ಟೀಚರು ಸುಳ್ಳು ಹೇಳ್ತಾರಾ ಅಂತ ಗದರಿದೆ. ನನ್ನ ಕೈ ಕಂಡ್ರೆ ಅವಳಿಗೆ ನಾಚಿಕೆ, ಅದಕ್ಕೇ ಬೆರಳು ಸೇರಿಸಿದಾಳೆ ಅಂತ ತಿಳ್ಕೊಂಡೆ. ನಿನ್ನೆಯಿಂದ ಗೇಟಿನ ಹತ್ರ ಬರೋದು ಬಿಟ್ಟು ರಸ್ತೆ ತಿರುವಿನಲ್ಲೇ ನಿಂತು ಅವಳನ್ನ ಕರ್ಕೊಂಡು ಹೋಗ್ತಿದೀನಿ.”

ತಮ್ಮ ಸುಳ್ಳು ಇಷ್ಟು ದೂರ ನಡೆದುಬಂದಿದೆ ಎಂದು ಅವರು ಎಣಿಸಿರಲಿಲ್ಲ. “ಕ್ಷಮಿಸಿ,” ಎಂದರು.

“ನನ್ನ ಪಾಲಿನ ತಪ್ಪು ನಾನು ಮನೇಲಿ ಅವಳ ಮುಂದೆ ಒಪ್ಕೋತೀನಿ,” ಎಂದ ಅವನು. “ನಿಮ್ಮದನ್ನ ಎಲ್ಲಿ ಹೇಳಿದ್ರೋ ಅಲ್ಲೇ ಹೋಗಿ ಹೇಳಿ ಮೇಡಂ. ಇಲ್ಲಿ ಹೇಳಿದ್ರೆ ನನಗೊಬ್ಬನಿಗೇ ಕೇಳಿಸುತ್ತೆ.” ಮತ್ತೆ ಬಾಗಿ ಉಜ್ಜತೊಡಗಿದ.

ಬುಧವಾರ ಟೀಚರು ಮೊದಲು ಹೆಡ್ ಮಿಸ್ ಕೋಣೆಗೆ ಹೋದರು. ಅಲ್ಲಿ ಸಿಕ್ಕ ಬೈಗುಳ ಸಿಗಬೇಕಾದದ್ದೇ ಆಗಿತ್ತು. ಅದನ್ನು ಕೇಳಿಸಿಕೊಂಡು ಅವರಿಗೆ ಒಂದಿಷ್ಟು ಹಗುರವೂ ಆಯಿತು. ಆಮೇಲೆ ಐದನೆಯ ತರಗತಿಗೆ ಬಂದು, ಕರಿಹಲಗೆಗೆ ಬೆನ್ನು ಕೊಟ್ಟು ನಿಂತು, ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿದರು. ಹುಡುಗಿಯ ಕಡೆ ತಿರುಗಿ, ನಿನ್ನ ಚಿತ್ರ ಸರಿಯಾಗಿತ್ತು, ಕೆಡಿಸಿದ್ದು ನಾನು ಎಂದರು.

ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು. “ಮಿಸ್, ನನ್ನ ನಾಯಿಗೂ ನೀವು ಕಾಲು ಸೇರಿಸಿದ್ರಿ. ಅದು ಕಾಲು ಮಡಚಿ ಕೂತಿತ್ತು.”

ಇನ್ನೊಂದು ಕೈ. “ನನ್ನ ಅಜ್ಜಿಗೆ ಹಲ್ಲು ಬರೆದ್ರಿ ಮಿಸ್. ಅಜ್ಜಿಗೆ ಹಲ್ಲಿಲ್ಲ.”

ಮಕ್ಕಳು ನಕ್ಕರು. ಕೈಗಳು ಒಂದರ ಹಿಂದೊಂದು ಏಳುತ್ತಲೇ ಇದ್ದವು: ನೇರ ಮಾಡಿದ ಮನೆ, ನೀಲಿ ಬಳಿದ ಆಕಾಶ, ಅಳಿಸಿಹಾಕಿದ ತಮ್ಮ. ಟೀಚರು ಪ್ರತಿಯೊಂದಕ್ಕೂ “ಹೌದು” ಎಂದರು. ಇಪ್ಪತ್ತಮೂರು ವರ್ಷದ ಮಕ್ಕಳೆಲ್ಲ ಬಂದು ಕೈ ಎತ್ತಿದರೆ ಈ ಕೋಣೆ ಸಾಲದು ಎಂದು ಒಳಗೊಳಗೇ ಕುಗ್ಗಿದರು. ಮರಗೆಲಸದವನ ಮಗಳು ಮಾತ್ರ ಕೈ ಎತ್ತಲಿಲ್ಲ.

ಅಂದು ಸಂಜೆ ಅವಳ ಅಪ್ಪ ಶಾಲೆಯ ಗೇಟಿನ ಹತ್ತಿರವೇ ನಿಂತಿದ್ದ. ಮಗಳು ಓಡಿಹೋಗಿ ಅವನ ಎಡಗೈ ಹಿಡಿದಳು. ಟೀಚರು ಸ್ಟಾಫ್ ರೂಮಿನ ಕಿಟಕಿಯಿಂದ ನೋಡಿದರು. ಕಣ್ಣು ತುಂಬಿತು, ಆದರೆ ಹೊರಗೆ ಹೋಗಿ ಮಾತನಾಡಿಸುವ ಧೈರ್ಯವಾಗಲಿಲ್ಲ.

ಆ ವರ್ಷವಿಡೀ ಹುಡುಗಿ ಚಿತ್ರ ಬರೆದಳು, ಚೆನ್ನಾಗಿಯೇ ಬರೆದಳು. ನಮಸ್ತೆ ಎನ್ನುವುದನ್ನೂ ತಪ್ಪಿಸಲಿಲ್ಲ. ಆದರೆ ಟೀಚರು ಬೆಂಚುಗಳ ನಡುವೆ ನಡೆದು ಬಂದಾಗ ಅವಳ ಎಡ ತೋಳು ತಾನಾಗಿ ಹಾಳೆಯನ್ನು ಸುತ್ತುವರಿದು ಮುಚ್ಚುತ್ತಿತ್ತು. ಅದನ್ನು ಸರಿಸು ಎಂದು ಟೀಚರು ಒಮ್ಮೆಯೂ ಹೇಳಲಿಲ್ಲ. ಅವಳ ಬೆಂಚಿನ ಬಳಿ ನಡಿಗೆ ನಿಧಾನ ಮಾಡದೆ, ಕಿಟಕಿಯ ಕಡೆ ನೋಡುತ್ತ ದಾಟಿ ಹೋಗುತ್ತಿದ್ದರು.